ಹೆಲ್ಮೆಟ್ ಒಳಗೆ ವಾಸನೆ ಬರಲ್ಲ

ಕೊಳಚೆ ನೀರಿಗೆ ಇಳಿಯಬೇಕಾದರೆ ನಾವು ಬೆಳಗಿನ ಜಾವ 3 ಗಂಟೆಗೆ ಇಳಿಯುತ್ತೇವೆ. ಊರು ಮಲಗಿರುವಾಗ ಹರಿವು ಕಡಿಮೆ ಇರುತ್ತದೆ. 6 ಗಂಟೆ ಆಯಿತು ಅಂದರೆ ಸ್ನಾನ, ಪಾತ್ರೆ, ಫ್ಲಷ್ ಎಲ್ಲದರ ನೀರೂ ಒಟ್ಟಿಗೆ ಬರೋಕೆ ಶುರುವಾಗುತ್ತದೆ. ನಡುವೆ ಸಿಗುವುದು ಎರಡು, ಎರಡೂವರೆ ತಾಸು ಅಷ್ಟೇ.

ನಾನು ಮಲ್ಪೆ ಕಡೆಯವನು. ಡೈವಿಂಗ್ ಕಲಿತದ್ದು ಸಮುದ್ರದಲ್ಲಿ. ಜೆಟ್ಟಿ ಕಂಬ, ಹಡಗಿನ ತಳ ಇವೇ ನನ್ನ ಕೆಲಸ. ಒಳಚರಂಡಿ ನೀರಿಗೆ ಮೊದಲ ಸಲ ಇಳಿದದ್ದು ಬೆಂಗಳೂರಿನ ಒಂದು ಪಂಪಿಂಗ್ ಸ್ಟೇಷನ್‌ನಲ್ಲಿ. ಅಲ್ಲಿ ಕೊಳಚೆ ನೀರು ಬಂದು ತುಂಬುವ ಬಾವಿಯ ಗೇಟ್ ಪೂರ್ತಿ ಕೂರುತ್ತಿರಲಿಲ್ಲ. ಗೇಟ್ ಮುಚ್ಚದೆ ಬಾವಿ ಖಾಲಿ ಆಗಲ್ಲ, ಬಾವಿ ಖಾಲಿಯಾಗದೆ ಗೇಟ್ ರಿಪೇರಿ ಆಗಲ್ಲ. ಯಾರಾದರೂ ಮುಳುಗಲೇಬೇಕು. ಐದು ಮೀಟರ್ ಆಳ.

ಇಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿ, ಬಾಯಲ್ಲಿ ರೆಗ್ಯುಲೇಟರ್ ಕಚ್ಚಿ ಇಳಿಯುವ ಹಾಗಿಲ್ಲ. ಉಸಿರಿನ ಜೊತೆ ನಾಲ್ಕು ಹನಿ ನೀರು ಬಾಯಿಗೆ ಬಂದೇ ಬರುತ್ತದೆ. ಸಮುದ್ರದಲ್ಲಿ ಅದು ಬರೀ ಉಪ್ಪು. ಇಲ್ಲಿ ಕಾಮಾಲೆ, ಟೈಫಾಯ್ಡ್, ವಾಂತಿಭೇದಿ. ಅದಕ್ಕೇ ಒಳಗೆ ನೀರು ಬಿಡದ, ದಪ್ಪ ರಬ್ಬರಿನ ಡ್ರೈ ಸೂಟ್. ಬಟ್ಟೆ ಹೊದಿಸಿದ ಸೂಟ್ ಆದರೆ ಗಲೀಜು ನೂಲಿನೊಳಗೆ ಕೂರುತ್ತದೆ, ನುಣುಪಾದ ರಬ್ಬರ್ ಆದರೆ ಉಜ್ಜಿ ತೊಳೆಯಬಹುದು. ಗ್ಲೌಸ್ ಸೂಟಿನ ತೋಳಿಗೇ ರಿಂಗ್ ಹಾಕಿ ಕೂರಿಸಿರುತ್ತದೆ. ಹೆಲ್ಮೆಟ್ ಕುತ್ತಿಗೆಯ ಹತ್ತಿರ ಸೂಟಿಗೆ ಲಾಕ್ ಆಗುತ್ತದೆ. ಗಾಳಿ ಮೇಲಿನಿಂದ ಹೋಸ್‌ನಲ್ಲಿ ಬರುತ್ತದೆ, ಅದರ ಜೊತೆಗೇ ಮಾತಾಡುವ ವೈರ್. ಹೋಸ್ ಹಿಡಿದು ದಡದಲ್ಲಿ ನಿಲ್ಲುವವನು ಟೆಂಡರ್. ನೀರಿನೊಳಗೆ ಇರುವವನ ಜೀವ ಅವನ ಕೈಲಿ.

ಮೊದಲು ಗ್ಯಾಸ್ ಮೀಟರ್ ಇಳಿಸಿದೆವು. ಕೊಳಚೆಯಲ್ಲಿ ಹುಟ್ಟುವ ವಿಷಗಾಳಿ ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ. ವಾಸನೆ ಬಂದರೆ ಹುಷಾರಾಗಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಬರುತ್ತಿದ್ದ ವಾಸನೆ ನಿಂತುಹೋದರೆ ಇನ್ನೂ ಜಾಸ್ತಿ ಹೆದರಬೇಕು. ಸುಮಾರು 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು ಮುಟ್ಟಿದರೆ ಮೂಗೇ ಕೆಲಸ ನಿಲ್ಲಿಸಿಬಿಡುತ್ತದೆ. ಮೂಗನ್ನು ನಂಬಿ ಸತ್ತವರು ಎಷ್ಟೋ ಜನ.

ಪಂಪ್‌ಗಳ ಸ್ವಿಚ್ಚಿಗೆ ಬೀಗ ಹಾಕಿಸಿ ಕೀ ನಮ್ಮ ಸೂಪರ್‌ವೈಸರ್ ಜೇಬಿಗೆ ಹಾಕಿಸಿದೆ. ಗೇಟಿನ ಆಚೆ ಈಚೆ ನೀರಿನ ಮಟ್ಟ ಒಂದೇ ಇದೆಯಾ ಅಂತ ಎರಡು ಸಲ ಅಳೆಸಿದೆ. ಒಂದೇ ಒಂದು ಮೀಟರ್ ಹೆಚ್ಚುಕಮ್ಮಿ ಇದ್ದರೂ ಒಂದು ಅಡಿ ಚೌಕದ ಸಂದಿ 90 ಕೆ.ಜಿ. ಭಾರದಲ್ಲಿ ಹೀರಿ ಹಿಡಿಯುತ್ತದೆ. ಕೈ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋಕೆ ಆಗಲ್ಲ. ಎಷ್ಟೋ ಡೈವರ್‌ಗಳು ಹೀಗೇ ಹೋಗಿದ್ದಾರೆ.

ಇಳಿದೆ. ಎರಡು ಅಡಿ ಕೆಳಗೆ ಹೋಗುವಷ್ಟರಲ್ಲಿ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಟಾರ್ಚ್ ಸುಮ್ನೆ ಭಾರ. ಕೈಯೇ ಕಣ್ಣು. ಗೋಡೆ ಸವರುತ್ತಾ ಹೋಗಿ ಗೇಟ್ ಕೂರುವ ಸಂದಿ ಹುಡುಕಿದೆ. ಅಲ್ಲೊಂದು ಹಲಗೆ ಅಡ್ಡ ಸಿಕ್ಕಿತ್ತು. ಅದಕ್ಕೆ ತೋಳುದ್ದದ ಏನೋ ಸುತ್ತಿಕೊಂಡಿತ್ತು, ತೆಂಗಿನ ನಾರಿನ ಹಗ್ಗದಷ್ಟು ಗಟ್ಟಿ. ಕತ್ತರಿಸಿ ಮೇಲೆ ಕಳಿಸಿದೆ. ಆಮೇಲೆ ನೋಡಿದರೆ ಅದೊಂದು ಸೀರೆ. ಕೂದಲು, ವೆಟ್ ವೈಪ್ಸ್ ಎಲ್ಲ ಸೇರಿ ಹೊಸೆದುಕೊಂಡಿತ್ತು. ಒಂದು ಕಡೆ ಇನ್ನೂ ಜರಿ ಅಂಚು ಕಾಣುತ್ತಿತ್ತು. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ವೆಟ್ ವೈಪ್ಸ್ ನೀರಲ್ಲಿ ಕರಗಲ್ಲ. ದಯವಿಟ್ಟು ಟಾಯ್ಲೆಟ್ಟಿಗೆ ಹಾಕಬೇಡಿ.

ಹಲಗೆ ಅಲ್ಲಾಡಿಸುವಾಗ ಬಲಗೈ ತೋರುಬೆರಳಿನ ತುದಿ ತಣ್ಣಗಾಯಿತು. ಬೆವರಿನಲ್ಲಿ ಬೆಂದಿದ್ದ ಕೈಯಲ್ಲಿ ಅದೊಂದೇ ಬೆರಳು ತಣ್ಣಗೆ. ಮೊಳೆ.

"ಗ್ಲೌಸ್ ತೂತಾಯ್ತು" ಅಂದೆ.

"ಬಿಟ್ಟು ಬಾ ಅಣ್ಣ. ಈಗ್ಲೇ" ಅಂದ ಟೆಂಡರ್. ಉಳಿದ ಕೆಲಸ ಸ್ಟ್ಯಾಂಡ್‌ಬೈ ಡೈವರ್ ಮುಗಿಸಿದ.

ಮೇಲೆ ಬಂದ ಕೂಡಲೇ ಹೆಲ್ಮೆಟ್ ಕಿತ್ತೆಸೆಯಬೇಕು ಅನಿಸುತ್ತದೆ. ತೆಗೆಯುವ ಹಾಗಿಲ್ಲ. ಕಾಯಿಲೆ ಹತ್ತುವುದಕ್ಕೆ ಅದೇ ಸುಲಭದ ಹೊತ್ತು. ಕೈ ಚಾಚಿ ನಿಂತೆ. ಇಬ್ಬರು ರೇನ್‌ಕೋಟ್ ಹಾಕಿ, ಮುಖಕ್ಕೆ ಶೀಲ್ಡ್ ಕಟ್ಟಿ ತೊಳೆದರು. ಮೊದಲು ನೀರು, ಸೋಪು ಹಾಕಿ ಬ್ರಷ್, ಬ್ಲೀಚ್ ಹಾಕಿದ ನೀರು, ಹತ್ತು ನಿಮಿಷ ಹಾಗೇ ನಿಲ್ಲುವುದು, ಮತ್ತೆ ನೀರು. ಕುತ್ತಿಗೆಯ ರಿಂಗ್, ಕಂಕುಳು, ಬೂಟಿನ ತಳ ಯಾವುದನ್ನೂ ಬಿಡಲಿಲ್ಲ. ಎಣ್ಣೆ ಹಚ್ಚಿದ ಮಗುವನ್ನು ಅಮ್ಮ ಉಜ್ಜುತ್ತಾಳಲ್ಲ, ಹಾಗೆ. ಹೆಲ್ಮೆಟ್ ತೆಗೆದದ್ದು ಕೊನೆಗೆ.

ಬೆರಳಲ್ಲಿ ಸಾಸಿವೆ ಕಾಳಿನಷ್ಟು ಗಾಯ. ಟಿಟಿ ಮೊದಲೇ ಆಗಿತ್ತು. ಡಾಕ್ಟರ್ ಡಾಕ್ಸಿಸೈಕ್ಲಿನ್ ಕೊಟ್ಟರು, ಇಲಿ ಜ್ವರದ ಭಯಕ್ಕೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಗದ್ದೆಗೆ ಇಳಿಯುವವರಿಗೆಲ್ಲ ಆ ಹೆಸರು ಗೊತ್ತು. ಎರಡು ವಾರ ಅಮ್ಮ ದಿನಾ ಫೋನ್ ಮಾಡಿ "ಮೈ ಬಿಸಿ ಉಂಟಾ ಮಗಾ?" ಅಂತ ಕೇಳಿದರು. ಜ್ವರ ಬರಲಿಲ್ಲ.

ಆ ಬೆಳಿಗ್ಗೆ ನನ್ನ ಬೆನ್ನು ಉಜ್ಜಿದವರಲ್ಲಿ ಒಬ್ಬರು ಅಲ್ಲಿನ ಹಳೇ ಕೆಲಸಗಾರರು, ಅರವತ್ತರ ಹತ್ತಿರದವರು. ಟೀ ಕುಡಿಯುವಾಗ ಹೇಳಿದರು: "ನಾವು ಚಡ್ಡಿಲೇ ಇಳೀತಿದ್ವಿ ಸಾರ್. ಸೊಂಟಕ್ಕೊಂದು ಹಗ್ಗ. ಮೇಲ್ ಬಂದು ಸೀಮೆಎಣ್ಣೆ ಹಚ್ಕೊಂಡು ಸ್ನಾನ ಮಾಡ್ತಿದ್ವಿ." ಜೊತೆಗೆ ಇಳಿಯುತ್ತಿದ್ದವರ ಸುದ್ದಿ ಕೇಳಿದೆ. ಅವರು ಲೋಟ ನೋಡುತ್ತಾ ಕೂತರು.

ಹಾಗೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಮ್ಯಾನ್‌ಹೋಲ್ ಸಾವಿನ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇದ್ದೇನೆ. ನನ್ನೊಬ್ಬನನ್ನು ಇಳಿಸೋಕೆ ದಡದಲ್ಲಿ ಅಷ್ಟು ಜನ, ಅಷ್ಟು ಸಾಮಾನು ಬೇಕಾಯಿತು. ನೀರು ಮಾತ್ರ ಅದೇ, ಅಲ್ವಾ?

ಅವರು ಲೋಟ ಕೆಳಗಿಟ್ಟು ನನ್ನ ಹೆಲ್ಮೆಟ್ ಎತ್ತಿದರು. 13 ಕೆ.ಜಿ. ಇರಬಹುದು, ಎರಡೂ ಕೈ ಬೇಕಾಯಿತು.

"ಇದ್ರೊಳಗೆ ವಾಸನೆ ಬರಲ್ವಾ ಸಾರ್?"

"ಇಲ್ಲ ಯಜಮಾನ್ರೇ."

ನಂಬಲಿಲ್ಲವೇನೋ. ಒಳಗೆ ಮುಖ ಇಟ್ಟು ಒಂದು ಸಲ ನಿಧಾನಕ್ಕೆ ಉಸಿರೆಳೆದುಕೊಂಡರು.

"ಬರೀ ರಬ್ಬರ್ ವಾಸ್ನೆ" ಅಂದರು.