ತೋಡಿನ ಕಟ್ಟ: ಡಿಸೆಂಬರ್ ತಿಂಗಳ ವರದಿ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿರುವ ನಮ್ಮೂರಿನ ತೋಡಿಗೆ (ಸಣ್ಣ ಹೊಳೆಗೆ) ಕಟ್ಟ, ಅಂದರೆ ನೀರನ್ನು ತಡೆದು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಕಟ್ಟುವ ಹೊಣೆಯನ್ನು ಈ ವರ್ಷ ಊರಿನ ಯುವಕ ಯುವತಿಯರಿಗೇ ವಹಿಸುವುದೆಂದು ಮಳೆಗಾಲದಲ್ಲಿಯೇ ನಿಶ್ಚಯಿಸಿದ್ದೆವು. ಕಟ್ಟ ಈಗ ಎದೆಮಟ್ಟಕ್ಕೆ ಎದ್ದು ನಿಂತಿದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ, ಇಳಿಜಾರಾದ ಮುರಕಲ್ಲಿನ ನೆಲದಿಂದ ನೀರು ಬೇಗನೆ ಕಡಲು ಸೇರುವುದರಿಂದ, ಮಾರ್ಚ್ ತಿಂಗಳಲ್ಲಿಯೇ ಇಲ್ಲಿನ ಬಾವಿಗಳ ತಳ ಕಾಣತೊಡಗುತ್ತದೆ. ನಮ್ಮ ಜಿಲ್ಲೆಯದೇ ಊರಾದ ಏತಡ್ಕದವರು ಒಂದೇ ತೋಡಿನಲ್ಲಿ ಸಾಲಾಗಿ ಕಟ್ಟಗಳನ್ನು ಹಾಕಿ ನೀರನ್ನು ನಿಲ್ಲಿಸಿ ಇಂಗಿಸುವುದನ್ನು ನೋಡಿ ಬಂದ ಮೇಲೆ, ನಮ್ಮಲ್ಲಿ ಬಿಟ್ಟುಹೋಗಿದ್ದ ಈ ಕ್ರಮವನ್ನು ಮತ್ತೆ ಆರಂಭಿಸುವ ಉತ್ಸಾಹ ಮಕ್ಕಳಲ್ಲಿ ಮೂಡಿತು.

ಹಣದ ಚಂದಾ ಎತ್ತುವ ಬದಲು, ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಸಲ್ಲಿಸುವಂತೆ, ಪ್ರತಿ ಮನೆಯಿಂದಲೂ ಅವರಲ್ಲಿ ಇರುವುದನ್ನೇ ಕೇಳಬೇಕೆಂದು ಸೂಚಿಸಿದವರು ಹುಡುಗರೇ. ಒಂದು ಮನೆಯವರು ಒಣಗಿದ ಅಡಿಕೆ ಮರಗಳನ್ನು ಕಡಿಯಲು ಬಿಟ್ಟರು, ಇನ್ನೊಬ್ಬರು ಮಣ್ಣು ಸಾಗಿಸಲು ಜೀಪು ಕೊಟ್ಟರು, ತೋಟವೇ ಇಲ್ಲದ ಮನೆಯಿಂದ ಅವಲಕ್ಕಿ, ಮಜ್ಜಿಗೆ ಬಂದವು. ಪ್ಲಸ್ ಟು ಓದುವ ಹುಡುಗಿಯೊಬ್ಬಳು ಲೆಕ್ಕದ ಪುಸ್ತಕವನ್ನು ಹಿಡಿದು, ಎರವಲು ತಂದ ಟಾರ್ಪಾಲಿನಲ್ಲಿ ಮೊದಲೇ ಇದ್ದ ತೂತನ್ನೂ ಕೊಟ್ಟವರ ಎದುರಿನಲ್ಲಿಯೇ ಬರೆದುಕೊಂಡಳು. ಹೀಗೆ ಬರೆದದ್ದನ್ನು ಕಂಡು ಹಿರಿಯರ ಅನುಮಾನ ಅರ್ಧ ಕಡಿಮೆಯಾಯಿತೆಂಬುದು ನನ್ನ ಅಭಿಪ್ರಾಯ.

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ವರ್ಷಕ್ಕೆ 120 ಗಂಟೆಗಳ ಸೇವೆ ನಿಗದಿಯಾಗಿದೆ. ನಮ್ಮ ಗುಂಪಿನ ಕೆಲವರು ಆ ಗಂಟೆಗಳನ್ನು ತುಂಬಿಸಲೆಂದೇ ಬಂದವರು. ಅದರಲ್ಲಿ ತಪ್ಪೇನೂ ಇಲ್ಲ. ಬುಟ್ಟಿ ಹೊರುವ ಕೆಲಸ ಮಾತ್ರ ಇದ್ದಷ್ಟು ದಿನ ಅವರು ಗಡಿಯಾರ ನೋಡುತ್ತಿದ್ದರು. ಕಟ್ಟ ಎಲ್ಲಿ ನಿಲ್ಲಬೇಕು, ಎಷ್ಟು ಎತ್ತರವಿರಬೇಕು ಎಂಬ ಚರ್ಚೆಗೆ ಅವರನ್ನು ಕೂರಿಸಿದ ಮೇಲೆ ಊಟಕ್ಕೆ ಕರೆದರೂ ಏಳದಾದರು.

ಎರಡು ಸಾಲು ಅಡಿಕೆ ಸಲಾಕೆಗಳ ನಡುವೆ ಕೆಂಪು ಮಣ್ಣನ್ನು ತುಂಬಿ, ಸೊಪ್ಪು ಹಾಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದ್ದೇವೆ. ಆದರೂ ಎಡದಂಡೆಯ ಬಳಿ ನೀರು ಸಣ್ಣಗೆ ಸುಳಿಯುತ್ತ ಇಳಿಯುತ್ತಿತ್ತು. ನೆರೆಮನೆಯ ಅಜ್ಜ ದಂಡೆಯಲ್ಲಿ ಕೈಯಾಡಿಸಿ ಏಡಿಯ ಬಿಲವನ್ನು ಪತ್ತೆಹಚ್ಚಿ, ಬೈಹುಲ್ಲಿನ ಮುದ್ದೆಯನ್ನು ಕೆಸರಿನಲ್ಲಿ ಅದ್ದಿ ಒಳಗೆ ತುರುಕುವ ಬಗೆಯನ್ನು ತೋರಿಸಿದರು. ಮಾರನೆಯ ದಿನದಿಂದ ಏಡಿಯ ಬಿಲ ಹುಡುಕುವುದೇ ಚಿಕ್ಕ ಮಕ್ಕಳ ಉದ್ಯೋಗವಾಗಿದೆ.

ಮೇಲಿನ ತೋಟದವರಿಗಿಂತ ಕೆಳಗಿನವರಿಗೆ ನೀರು ಕಡಿಮೆಯಾಗಬಹುದೆಂಬ ಆಕ್ಷೇಪ ಇನ್ನೂ ಉಳಿದಿದೆ. ಹೆಚ್ಚಾದ ನೀರು ಹರಿದುಹೋಗಲು ಒಂದು ಬದಿಯಲ್ಲಿ ತಗ್ಗನ್ನು ಬಿಟ್ಟಿದ್ದೇವೆ. ಅದು ಸಾಲದಿದ್ದರೆ ಕೆಳಗೆ ಇನ್ನೊಂದು ಕಟ್ಟ ಹಾಕುವುದೆಂದು ಮಕ್ಕಳೇ ಒಪ್ಪಿಕೊಂಡು ಬಂದಿದ್ದಾರೆ. ಇನ್ನು ಮುಂದೆ ಪ್ರತಿ ಭಾನುವಾರ ಗಂಟು ಹಾಕಿದ ಹಗ್ಗವನ್ನು ಇಳಿಸಿ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಅದೇ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯಲಾಗುವುದು. ಮುಂಗಾರಿಗೆ ಮೊದಲು ಟಾರ್ಪಾಲನ್ನು ಬಿಚ್ಚಿ, ತೊಳೆದು, ಕೊಟ್ಟವರಿಗೆ ಹಿಂತಿರುಗಿಸಬೇಕಾಗಿದೆ.