ಅಕಾಡೆಮಿಕ್ ಇಂಗ್ಲಿಷ್: ಯಾವ ಪದ ಕಲಿಸಬೇಕು, ಕಾರ್ಡ್ ಹೇಗೆ ಮಾಡಿಸಬೇಕು

ಕೊಡಗಿನ ಡಿಗ್ರಿ ತರಗತಿಗಳಲ್ಲಿ ಇಂಗ್ಲಿಷ್ ಕಲಿಸುವಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಸಂಗತಿ ಇದು. ಕಾಫಿ ಬೆಳೆಯ ಲೇಖನ ಕೊಟ್ಟರೆ ಮಕ್ಕಳು ‘ಬೋರರ್’, ‘ಕ್ಯಾನಪಿ’ ಬರೆದುಕೊಳ್ಳುತ್ತಾರೆ. ‘ವೇರಿ’, ‘ಕನ್ಸಿಸ್ಟ್’, ‘ಡಿಸ್ಟ್ರಿಬ್ಯೂಟ್’ ಗೊತ್ತಿರುವವೇ ಎಂದು ದಾಟಿಬಿಡುತ್ತಾರೆ. ಅರ್ಥಶಾಸ್ತ್ರವಿರಲಿ, ಅರಣ್ಯಶಾಸ್ತ್ರವಿರಲಿ, ಎಲ್ಲ ಪುಸ್ತಕದಲ್ಲೂ ಎದುರಾಗುವುದು ಈ ಎರಡನೇ ಗುಂಪೇ.

ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ನಲ್ಲಿರುವುದು 570 ಪದಕುಟುಂಬ, ಅಂದರೆ ಒಂದು ಮೂಲಪದ ಮತ್ತು ಅದರ ರೂಪಗಳ ಗುಂಪು. ಅಕಾಡೆಮಿಕ್ ಬರಹದ ಸುಮಾರು ಶೇ 10ರಷ್ಟು ಪದಗಳು ಅದರವು. ಅತಿ ಹೆಚ್ಚು ಬಳಕೆಯ 60 ಮೊದಲ ಉಪಪಟ್ಟಿಯಲ್ಲಿವೆ, ಅಲ್ಲಿಂದಲೇ ಶುರು ಮಾಡಿಸಿ. ಪಟ್ಟಿಯನ್ನು ಉರು ಹೊಡೆಸಬೇಡಿ. ಓದಲೇಬೇಕಾದ ಪಾಠದ ಒಂದು ಪುಟವನ್ನು ಲೆಕ್ಸ್‌ಟ್ಯೂಟರ್ ಎಂಬ ವೆಬ್‌ಸೈಟಿನಲ್ಲಿ ಪದಗಳನ್ನು ವಿಂಗಡಿಸುವ ವೊಕ್ಯಾಬ್‌ಪ್ರೊಫೈಲ್‌ಗೆ ಹಾಕಿದರೆ ಪಟ್ಟಿಯ ಪದಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ. ಪಿಡಿಎಫ್‌ನಿಂದ ಕಾಪಿ ಮಾಡಿದ್ದರೆ ಸಾಲಿನ ಕೊನೆಗೆ ತುಂಡಾದ ಪದಗಳನ್ನು ಮೊದಲು ಜೋಡಿಸಬೇಕು. ಇಲ್ಲದಿದ್ದರೆ ಅವು ಪಟ್ಟಿಯ ಹೊರಗಿನ ಪದಗಳ ಲೆಕ್ಕಕ್ಕೆ ಹೋಗುತ್ತವೆ.

ಆರಿಸಿದ ಪದ ಆಂಕಿ ಆ್ಯಪ್‌ಗೆ ಹೋಗಲಿ. ಪ್ರಶ್ನೆ-ಉತ್ತರದ ಕಾರ್ಡುಗಳನ್ನು ದಿನ ಬಿಟ್ಟು ದಿನ ಮತ್ತೆ ಮತ್ತೆ ತೋರಿಸಿ ನೆನಪಿಡಿಸುವ ಆ್ಯಪ್ ಅದು. ಒಂದು ಬದಿ ಪದ, ಇನ್ನೊಂದು ಬದಿ ಕನ್ನಡ ಅರ್ಥ ಬರೆದ ಕಾರ್ಡು ಸಾಲದು. ಅದರಿಂದ ಪದದ ಗುರುತು ಸಿಗುತ್ತದೆ, ಬರೆಯಲು ಬರುವುದಿಲ್ಲ: ‘ಕನ್ಸಿಸ್ಟ್ಸ್’ ಬರೆದವರು ‘ಆಫ್’ ಬಿಟ್ಟಿರುತ್ತಾರೆ. ಹಾಗಾಗಿ ಬಿಟ್ಟ ಸ್ಥಳ ತುಂಬುವ ‘ಕ್ಲೋಜ್’ ಮಾದರಿ ಆರಿಸಿ, ಪಾಠದ ವಾಕ್ಯವನ್ನೇ ಇಟ್ಟು, ‘ಕನ್ಸಿಸ್ಟ್ಸ್ ಆಫ್’ ಎರಡನ್ನೂ ಸೇರಿಸಿ ಮರೆಮಾಡಿಸಿ. ಪದದ ಜತೆ ಬರುವ ಇತರ ಪದಗಳು ಇಂಗ್ಲಿಷ್ ಬಳಕೆಯ ಉದಾಹರಣೆ ತೋರಿಸುವ ಸ್ಕೆಲ್ ವೆಬ್‌ಸೈಟಿನಲ್ಲಿ ಸಿಗುತ್ತವೆ. ಎರಡು ಸಾಕು, ಉತ್ತರದ ಬದಿಗೆ ಸೇರಿಸಿ.

ಆ್ಯಪ್ ತಾನಾಗಿ ದಿನಕ್ಕೆ 20 ಹೊಸ ಕಾರ್ಡು ಕೊಡುತ್ತದೆ. ಅದು ಜಾಸ್ತಿಯಾಯಿತು, ಡೆಕ್ (ಕಾರ್ಡುಗಳ ಕಟ್ಟು) ಆಪ್ಷನ್ಸ್‌ನಲ್ಲಿ 5ಕ್ಕೆ ಇಳಿಸಿ. ಇಂದಿನ ಹೊಸ ಕಾರ್ಡೇ ಮುಂದಿನ ವಾರಗಳ ರಿವ್ಯೂ. ಅದು ಗುಡ್ಡೆಬಿದ್ದಾಗಲೇ ಮಕ್ಕಳು ಬಿಟ್ಟುಬಿಡುವುದು. ಪರೀಕ್ಷೆ ಹತ್ತಿರವಾದರೆ ಹೊಸದನ್ನು ಸೊನ್ನೆ ಮಾಡಿ ರಿವ್ಯೂ ಮಾತ್ರ ಉಳಿಸಿಕೊಳ್ಳಿ.

ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟೂ ನೆಟ್‌ವರ್ಕೂ ನೆಚ್ಚುವ ಹಾಗಿಲ್ಲ. ಆಂಕಿಯ ಆಂಡ್ರಾಯ್ಡ್ ರೂಪವಾದ ಆಂಕಿಡ್ರಾಯ್ಡ್ ನೆಟ್ ಇಲ್ಲದೆಯೂ ನಡೆಯುವುದರಿಂದ ಕಾಲೇಜಿನಲ್ಲೇ ಡೆಕ್ ಇಳಿಸಿಕೊಂಡು ಹೋಗಲಿ. ಸಿಂಕ್ ಮಾಡುವಾಗ ಅಪ್‌ಲೋಡೋ ಡೌನ್‌ಲೋಡೋ ಎಂದು ಕೇಳಿದರೆ ಆತುರ ಬೇಡ. ತಪ್ಪು ಬಟನ್ ಒತ್ತಿದರೆ ಫೋನಿನಲ್ಲೋ ಆನ್‌ಲೈನ್ ಖಾತೆಯಲ್ಲೋ, ಒಂದು ಕಡೆಯ ಕೆಲಸವೆಲ್ಲ ಅಳಿಸಿಹೋಗುತ್ತದೆ.

‘ಕಾರ್ಡೇ ಕಾಣೆಯಾಯ್ತು ಮಿಸ್’ ಎಂಬ ದೂರೂ ಬರುತ್ತದೆ. ಕಲಿತ ಮೇಲೆ 8 ಸಲ ತಪ್ಪಾದ ಕಾರ್ಡನ್ನು ಆ್ಯಪ್ ‘ಲೀಚ್’ ಎಂದು ಗುರುತಿಸುತ್ತದೆ, ಡೆಕ್ ಆಪ್ಷನ್ಸ್‌ನಲ್ಲಿ ಹಾಗೆ ಹೊಂದಿಸಿದ್ದರೆ ತಡೆಹಿಡಿಯುತ್ತದೆ. ಅದನ್ನು ಹಾಗೇ ವಾಪಸ್ ತರಬೇಡಿ. ಅದೇ ಪದಕ್ಕೆ ಬೇರೆ ಪಾಠದಿಂದ ಇನ್ನೂ ಚಿಕ್ಕ ವಾಕ್ಯ ಹುಡುಕಿಸಿ ಹೊಸ ಕಾರ್ಡು ಮಾಡಿಸಿ.