ಫೆಂಗಲ್ ಬರುತ್ತದೆಯೋ ಇಲ್ಲವೋ

“ಅಣ್ಣಾ, ಚಂಡಮಾರುತ ಬರುತ್ತದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿಬಿಡು” ಎಂದು ಪುದುಚೇರಿಯಿಂದ ತಂಗಿ ಫೋನಿನಲ್ಲಿ ಕೇಳಿದ್ದು 2024ರ ನವೆಂಬರ್ 29ರ ಶುಕ್ರವಾರ ಬೆಳಿಗ್ಗೆ. ತಗ್ಗಿನ ಬಡಾವಣೆಯೊಂದರ ನೆಲಮಹಡಿಯಲ್ಲಿ, ಹಾಸಿಗೆ ಹಿಡಿದ ಅತ್ತೆಯೊಡನೆ ಇರುವವಳಿಗೆ ಆ ಒಂದು ಮಾತು ಎಷ್ಟು ಬೇಕಾಗಿತ್ತೆಂಬುದು ನನಗೆ ಗೊತ್ತು. ಆದರೆ ಹವಾಮಾನ ಇಲಾಖೆಯ ಪ್ರಕಟಣೆಗಳನ್ನು ವಾರವಿಡೀ ಓದುತ್ತಿದ್ದ ನನ್ನ ಬಳಿಯೂ ಅಂಥ ಮಾತಿರಲಿಲ್ಲ.

ಬಂಗಾಳಕೊಲ್ಲಿಯಲ್ಲಿ ಎದ್ದ ಸುಳಿ ನವೆಂಬರ್ 27ರಂದು ಚಂಡಮಾರುತವಾದೀತೆಂದು ಇಲಾಖೆ ಹೇಳಿದ್ದು ಆಗಲಿಲ್ಲ. 29ರ ಬೆಳಿಗ್ಗೆ, ಅದು ಚಂಡಮಾರುತಕ್ಕಿಂತ ಒಂದು ಮೆಟ್ಟಿಲು ಕೆಳಗಿನ ತೀವ್ರ ವಾಯುಭಾರ ಕುಸಿತವಾಗಿಯೇ ದಡ ಸೇರೀತೆಂದರು. ಅದೇ ಮಧ್ಯಾಹ್ನ ಅದು ಚಂಡಮಾರುತವಾಗಿ ಫೆಂಗಲ್ ಎಂಬ ಹೆಸರು ಪಡೆಯಿತು. ಟಿವಿಯವರು ಇದನ್ನೇ ಹಿಡಿದು ಇಲಾಖೆಯನ್ನು ಹಂಗಿಸಿದ್ದು ಅನ್ಯಾಯ. ನಡುಗಡಲಿನ ಗಾಳಿಯನ್ನು ಅಳೆಯುವ ಉಪಕರಣಗಳು ವಿರಳ. ಉಪಗ್ರಹ ಚಿತ್ರದಲ್ಲಿ ಮೋಡಗಳು ಸುತ್ತಿಕೊಂಡಿರುವ ರೀತಿಯಿಂದಲೇ ಬಹುಮಟ್ಟಿಗೆ ಅದರ ವೇಗವನ್ನು ಅಂದಾಜು ಮಾಡಬೇಕು. ಕೆಳಗಿನ ಬೆಚ್ಚನೆಯ ಕಡಲು ಸುಳಿಗೆ ಬಲ ತುಂಬಿದರೆ, ಮೇಲ್ಮಟ್ಟದ ಗಾಳಿ ಮೋಡದ ರಾಶಿಯನ್ನು ಕೇಂದ್ರದಿಂದ ಪಕ್ಕಕ್ಕೆ ತಳ್ಳಿ ಅದನ್ನು ಸೊರಗಿಸುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, ಅದಕ್ಕಿಂತ ತುಸು ಕಡಿಮೆಯಾದರೆ ಅಲ್ಲ. ಗೆರೆಯ ಅಂಚಿನಲ್ಲೇ ತೂಗಾಡುತ್ತಿದ್ದ ಸುಳಿಯ ಬಗ್ಗೆ ಹೊಸ ಚಿತ್ರ ಬಂದಂತೆ ಮಾತು ಬದಲಿಸುವುದೇ ಪ್ರಾಮಾಣಿಕತೆ.

ತಂಗಿಯ ಪ್ರಶ್ನೆಯನ್ನು ಆಮೇಲೂ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಅವಳು ಕೇಳಿದ್ದು ಗಾಳಿಯ ವಿಷಯ, ಬರಲಿದ್ದದ್ದು ನೀರು. “ಹೆಸರಿನ ಮಾತು ಬಿಡು, ಮಳೆಯ ಎಚ್ಚರಿಕೆ ನೋಡು, ಅತ್ತೆಯವರನ್ನು ಇವತ್ತೇ ಮೇಲಿನ ಮನೆಗೆ ಸಾಗಿಸು” ಎಂದೆ. ಭಾವ ಒಪ್ಪಲಿಲ್ಲ. ಒಳ್ಳೆಯವರೇ, ಆದರೆ ಟಿವಿಯಲ್ಲಿ ಕೆಂಪು ಅಕ್ಷರ ಕಾಣದೆ ಯಾವುದನ್ನೂ ನಂಬದವರು. ಆ ಸ್ವಭಾವದ ಮೇಲೆ ನನಗೆ ಈಗಲೂ ಸಿಟ್ಟಿದೆ. ಕೊನೆಗೆ ಮೇಲಿನ ಮನೆಯ ಹುಡುಗರಿಬ್ಬರು ತಾವಾಗಿಯೇ ಇಳಿದು ಬಂದು, ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು.

ಶನಿವಾರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದಾಗ ಫೆಂಗಲ್‌ನ ಗಾಳಿ 70–80 ಕಿ.ಮೀ. ವೇಗದ್ದು, ಚಂಡಮಾರುತಗಳ ಲೆಕ್ಕದಲ್ಲಿ ದುರ್ಬಲ. ಆದರೆ ಅದನ್ನು ಮುಂದಕ್ಕೆ ಒಯ್ಯುವ ಗಾಳಿಗೆ ಬಲವಿಲ್ಲದೆ, ಅದು ಗಂಟೆಗಟ್ಟಲೆ ಅಲ್ಲೇ ನಿಂತು ಸುರಿಯಿತು. ಭಾನುವಾರ ಬೆಳಗಿನ ಹೊತ್ತಿಗೆ ಊರಿನಲ್ಲಿ 45 ಸೆಂ.ಮೀ.ಗೂ ಹೆಚ್ಚು ಮಳೆಯಾಗಿ, ಅತ್ತೆಯವರು ಮಲಗುತ್ತಿದ್ದ ಮಂಚದ ಹಾಸಿಗೆ ತೇಲುತ್ತಿತ್ತು. ಮುಂದೆ ಅದು ದುರ್ಬಲಗೊಂಡಿದೆ ಎಂದು ಎಲ್ಲರೂ ಉಸಿರು ಬಿಡುವಾಗಲೇ ತಿರುವಣ್ಣಾಮಲೈಯಲ್ಲಿ ಗುಡ್ಡ ಕುಸಿದು ಏಳು ಜನ ಮಣ್ಣಿನಡಿ ಸತ್ತರು, ನಮ್ಮ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಊತಂಗರೈ ಮುಳುಗಿತು.

ಗಾಳಿಯ ವೇಗ ನೋಡಿ ಹೆಸರಿಡುವ ಪದ್ಧತಿ ಇರಲಿ. ಅದರ ಜೊತೆಗೆ, ಇಷ್ಟು ಮಳೆಯಾದರೆ ಯಾವ ಬಡಾವಣೆಯಲ್ಲಿ ಎಷ್ಟು ಅಡಿ ನೀರು ನಿಲ್ಲುತ್ತದೆಂದು ಹಿಂದಿನ ದಿನವೇ ಮನೆಮನೆಗೆ ತಿಳಿಸುವ ವ್ಯವಸ್ಥೆ ಬೇಕು. ತಂಗಿಯ ಬೀದಿ ತಗ್ಗಿನಲ್ಲಿದೆ ಎಂಬುದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಜೋರು ಹಿಂಗಾರು ಬಂದಾಗಲೆಲ್ಲ ಅಲ್ಲಿ ನೀರು ನಿಲ್ಲುತ್ತದೆ.